ಬಂಗಾರಿ ಮತ್ತು ಜಮಾದಾರರ ತಪಾಸಣೆ

ಹೋದ ವಾರ ಲಿಂಗಸುಗೂರಿನಿಂದ ಬಂದಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತ, "ನಿಮ್ಮ ಬಾಜೂಮನಿ ಜಮಾದಾರ್ರು ತೀರಿಕೊಂಡ್ರಂತ್ರಿ, ಗೊತ್ತಾತೇನು?" ಎಂದರು. ಗೊತ್ತಾಗಿರಲಿಲ್ಲ. ದುಃಖವಾಯಿತು. ಆದರೆ ದುಃಖಕ್ಕಿಂತ ಮೊದಲು ನನ್ನ ತಲೆಗೆ ಬಂದ ಯೋಚನೆಯೇ ಬೇರೆ. ಯಮದೂತರು ಬಾಗಿಲಿಗೆ ಬಂದಾಗ ಇವರು ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಪಾಶ ನಾರಿನದೋ ನೈಲಾನಿನದೋ ಎಂದು ಬೆರಳಿನಿಂದ ಉಜ್ಜಿ ನೋಡಿಯೇ ಒಳಗೆ ಬಿಟ್ಟಿರಬೇಕು. ನೈಲಾನಾಗಿದ್ದರೆ ಹೊರಗಿಟ್ಟು ಬರಲು ಹೇಳಿರುತ್ತಾರೆ.

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಓಣಿಯಲ್ಲಿ ಅದನ್ನು ಹಿಡಿದು ಕರೆದವರನ್ನು ನಾನು ಕಾಣೆ, ಇಲ್ಲಿ ನಾನೂ ಬರೆಯುವುದಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಗೇಟಿನ ಕಾವಲುಗಾರರಿಗೆ ಹಿರಿಯರಾಗಿದ್ದು ನಿವೃತ್ತರಾದವರು, ಹಾಗಾಗಿ ಎಲ್ಲರ ಬಾಯಲ್ಲೂ ಜಮಾದಾರ್ರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಸೇರಿ, ಅವರ ಮನೆಗೆ ಅಂಟಿಕೊಂಡಿದ್ದ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದೆ. ಊರು ಸಿಂಧನೂರು, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹತ್ತುತ್ತಿದ್ದೆ. ಉಳಿದ ದಿನ ಅವರದೇ ನೆರೆ.

ಪಾಳಿ ಮುಗಿಸಿ ನೆಲದೊಳಗಿಂದ ಮೇಲೆ ಬಂದ ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ, ಕೈ ಎತ್ತಿಸಿ, ಮೈ ತಡವಿ, ಬುತ್ತಿ ಡಬ್ಬಿ ತೆಗೆಸಿ ನೋಡಿ ಹೊರಗೆ ಬಿಡುವುದು ಅವರ ಕಸುಬಾಗಿತ್ತು. ಇಡೀ ಸರ್ವೀಸಿನಲ್ಲಿ ಅವರ ಕೈಗೆ ಒಂದು ಗುಲಗಂಜಿ ಬಂಗಾರವೂ ಸಿಕ್ಕಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಜನ ಪ್ರಾಮಾಣಿಕರು ಎಂದುಕೊಂಡು ಸುಖವಾಗಿ ಮನೆಗೆ ಹೋಗುತ್ತಿದ್ದರು. ಜಮಾದಾರ್ರು ಜನ ಬಲು ಹುಷಾರು ಎಂದುಕೊಂಡು, ಆ ಕೊರಗನ್ನು ಹೊತ್ತುಕೊಂಡೇ ಲಿಂಗಸುಗೂರಿಗೆ ಬಂದಿದ್ದರು.

"ಮನಷ್ಯಾಗ ಜೇಬಿಗಿಂತ ಜಾಸ್ತಿ ಜಾಗ ಅದಾವ್ರಿ ಅಕ್ಕೋರ," ಎನ್ನುತ್ತಿದ್ದರು ನನಗೆ. ನಮ್ಮ ಕಡೆ ಶಾಲೆಯ ಮೇಡಮ್ಮಂದಿರು ಎಲ್ಲರಿಗೂ ಅಕ್ಕೋರು. "ಕಿವಿ ಐತಿ, ಕೂದಲಾ ಐತಿ, ಚಪ್ಪಲಿ ಅಟ್ಟಿ ಐತಿ. ಆದ್ರ ಕಳ್ಳ ಸಿಗೋದು ಮಾಲಿನಿಂದ ಅಲ್ರಿ. ಅಂವ ಬಿಸಾಕಿದ ಕಸ ಇರತೈತಲ್ಲ, ಅದರಿಂದ."

ಒಬ್ಬ ಕಳ್ಳನನ್ನೂ ಹಿಡಿಯದ ಮನುಷ್ಯನಿಗೆ ಕಳ್ಳತನದ ಬಗ್ಗೆ ಇಷ್ಟು ವಿದ್ಯೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಹೊಸ ಬಾಡಿಗೆದಾರಳು ಅಷ್ಟೆಲ್ಲ ಕೇಳಬಾರದು.

ನಿವೃತ್ತಿಯ ಹೊತ್ತಿಗೆ ಅವರು ಎರಡು ಕೆಲಸ ಮಾಡಿದ್ದರು. ಗೇಟಿನ ಟೊಪ್ಪಿಗೆ ತೆಗೆದಿಟ್ಟು ಬಿಳಿ ರುಮಾಲು ಸುತ್ತತೊಡಗಿದ್ದು ಒಂದು. ಬಾಯಲ್ಲಿ ಹುಣ್ಣಾಗಿ ಡಾಕ್ಟರು ಹೆದರಿಸಿದ ಮೇಲೆ, ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, ಇನ್ನು ತಂಬಾಕು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದು ಇನ್ನೊಂದು. ಎರಡರ ಬಗ್ಗೆಯೂ ಅವರಿಗೆ ಅಭಿಮಾನವಿತ್ತು. ಓಣಿಯ ಕಟ್ಟೆಯ ಮೇಲೆ ಯಾರಾದರೂ ತಂಬಾಕು ತಿಕ್ಕುತ್ತಿದ್ದರೆ ಎದುರು ನಿಂತು ಉಪದೇಶ ಮಾಡದೆ ಮುಂದೆ ಹೋಗುತ್ತಿರಲಿಲ್ಲ.

ಹೆಂಡತಿಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಒಬ್ಬಳೇ ಮಗಳನ್ನು ಸಿಂಧನೂರಿನ ಕಡೆಯ ವಳಕಮದಿನ್ನಿಗೆ ಕೊಟ್ಟಿದ್ದರು. ಮಗಳು ಅಲ್ಲಿ ಗದ್ದೆ, ನಾಟಿ, ಕೊಯ್ಲು ಎಂದು ಮುಳುಗಿಹೋಗಿದ್ದಳು. ಇಲ್ಲಿ ಮನೆ ಬಿಕೋ ಎನ್ನುತ್ತಿತ್ತು. ಒಂದು ದಿನ ಹಾಲಿನ ಅಂಗಡಿಯ ಹಿಂದೆ ಒದರುತ್ತಿದ್ದ ಹಳದಿ ಬಣ್ಣದ ಮರಿಯೊಂದನ್ನು ದೊಡ್ಡವ್ವ ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಹಟ್ಟಿಯಲ್ಲಿ ಬಾಳಿದವರು ಹಳದಿ ಬೆಕ್ಕಿಗೆ ಬೇರೇನು ಹೆಸರಿಟ್ಟಾರು? ಬಂಗಾರಿ ಎಂದಿಟ್ಟರು.

ಬಂಗಾರಿ ಇಲಿ ಹಿಡಿಯಲಿಲ್ಲ. ಹಾಲು ಕುಡಿದ ಮೇಲೆ ಹಾಲಿನ ಪಾಕೀಟನ್ನೂ ತಿಂದಿತು. ಮೊದಲು ಎಲ್ಲರೂ ನಕ್ಕರು. ಹಾಲಿನ ವಾಸನೆಗೆ ಇರಬೇಕು ಎಂದರು. ಆಮೇಲೆ ಅದು ಬಳೆಗಾರನ ಡಬ್ಬಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ತಿಂದಿತು, ನನ್ನ ಕೊಡೆಯ ಹಿಡಿಕೆಯ ಪ್ಲಾಸ್ಟಿಕ್ ಸಿಪ್ಪೆ ತಿಂದಿತು, ನಮ್ಮ ಬಾಗಿಲಿನ ಪ್ಲಾಸ್ಟಿಕ್ ತೋರಣದಲ್ಲಿ ಮಾವಿನೆಲೆಗಳನ್ನಷ್ಟೇ ಆರಿಸಿ ತಿಂದು ದಾರ ಬಿಟ್ಟಿತು. ಎಲ್ಲಿಯಾದರೂ ಕ್ಯಾರಿಬ್ಯಾಗ್ ಸರಸರ ಎಂದರೆ ಸಾಕು, ಊಟ ಬಿಟ್ಟು ಓಡಿಬರುತ್ತಿತ್ತು.

ಆ ಕಾಲ ಹೇಗಿತ್ತೆಂದರೆ, ಕ್ಯಾರಿಬ್ಯಾಗ್ ನಮ್ಮ ಓಣಿಗೆ ಆಗ ತಾನೇ ಬಂದ ಐಶ್ವರ್ಯ. ಬಟ್ಟೆ ಅಂಗಡಿಯದು ಸಿಕ್ಕರೆ ಹೆಂಗಸರು ಸಬಕಾರ ಹಚ್ಚಿ ತೊಳೆದು, ಸೀರೆಯ ಪಕ್ಕದಲ್ಲಿ ತಂತಿಗೆ ಒಣಹಾಕಿ, ಮಡಿಚಿ ಗಾದಿಯ ಕೆಳಗಿಡುತ್ತಿದ್ದರು. ಬೀಗರ ಮನೆಗೆ ಹೋಗುವಾಗ ಗಾದಿ ಎತ್ತಿ, ಯಾವ ಬೀಗರಿಗೆ ಯಾವ ಚೀಲ ತಕ್ಕದ್ದು ಎಂದು ಆರಿಸುತ್ತಿದ್ದರು. ಬಂಗಾರಿ ಇಂಥ ಆಸ್ತಿಯ ಮೇಲೆ ಕಣ್ಣು ಹಾಕಿತ್ತು. ಓಣಿ ಅದನ್ನು ಹೇಗೆ ಕ್ಷಮಿಸೀತು?

ಬೆಕ್ಕು ಆಗಾಗ ವಾಂತಿ ಮಾಡತೊಡಗಿದಾಗ ದೊಡ್ಡವ್ವ ಹೆದರಿ ಊರಿನ ದನದ ದವಾಖಾನೆಗೆ ಒಯ್ದರು. ಅಲ್ಲಿಗೆ ಬೆಕ್ಕನ್ನು ತಂದವರಲ್ಲಿ ಅವರೇ ಮೊದಲಿಗರಂತೆ. ಡಾಕ್ಟರು ಅದರ ಹೊಟ್ಟೆ ಒತ್ತಿ ನೋಡಿ, "ಇದಕ್ಕ ಔಷಧ ಇಲ್ರಿ. ಮನ್ಯಾಗ ಪ್ಲಾಸ್ಟಿಕ್ ಬರದಂಗ ನೋಡ್ಕೋರಿ, ಅಷ್ಟ. ಇಲ್ಲಾಂದ್ರ ಒಂದು ದಿನ ಕಳ್ಳು ಕಟ್ಟಿ ಸಾಯತೈತಿ," ಎಂದರು. ಕಳ್ಳು ಅಂದರೆ ಕರುಳು. ದೊಡ್ಡವ್ವನಿಗೆ ಈ ಮಾತು ಎದೆಗೆ ನಾಟಿತು. ಜಮಾದಾರ್ರಿಗೆ ಇದು ನೌಕರಿಯ ಹುಕುಮಿನಂತೆ ಕೇಳಿಸಿತು.

ಮರುದಿನವೇ ಅವರ ಬಾಗಿಲಿಗೆ ಒಂದು ಸ್ಟೂಲು ಬಂತು. ಹಟ್ಟಿಯಲ್ಲಿ ಹೊರಗೆ ಹೋಗುವವರ ತಪಾಸಣೆ. ಇಲ್ಲಿ ಒಳಗೆ ಬರುವವರದು. ಉಳಿದಂತೆ ಏನೂ ವ್ಯತ್ಯಾಸವಿರಲಿಲ್ಲ. "ಕೈ ಮ್ಯಾಲ ಎತ್ರಿ," ಎನ್ನುತ್ತಿದ್ದರು, ಬಹಳ ಮರ್ಯಾದೆಯಿಂದ. ಅಂಚೆಯವನು ಎತ್ತಿದ, ಕರೆಂಟ್ ಮೀಟರ್ ನೋಡುವವನು ಎತ್ತಿದ. ಕಂತಿಭಿಕ್ಷೆಗೆ ಬಂದ ಜಂಗಮಯ್ಯನ ಜೋಳಿಗೆಯಲ್ಲಿ ಉಪ್ಪಿನ ಪಾಕೀಟು ಸಿಕ್ಕಿತು. ಅದನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಅಯ್ಯನವರ ಪಾದ ಮುಟ್ಟಿ ನಮಸ್ಕರಿಸಿ, ಒಳಗೆ ಕರೆದು ಹಿಟ್ಟು ನೀಡಿಸಿದರು. ಹೆಂಗಸರ ತಪಾಸಣೆಗೆ ದೊಡ್ಡವ್ವನ ನೇಮಕವಾಯಿತು. ಅವರು ನನ್ನ ಹೆಗಲಚೀಲದೊಳಗೆ ಸುಮ್ಮನೆ ಕೈಯಾಡಿಸಿ, "ಹೋಗವ್ವ ಒಳಗ, ಇವ್ರಿಗೆ ಹುಚ್ಚು ಹಿಡದೈತಿ," ಎಂದು ಪಿಸುಗುಡುತ್ತಿದ್ದರು. ಜಮಾದಾರ್ರು ಸ್ಟೂಲಿನಿಂದಲೇ, "ಚೊಲೋತ್ನಾಗಿ ನೋಡು, ಕಂಪಾಸ್ ಪೆಟ್ಟಿಗಿ ತಗಿಸು," ಎನ್ನುತ್ತಿದ್ದರು.

ಮಸ್ಕಿಯ ಬೀಗರೊಬ್ಬರು ಮದುವೆಗೆ ಕರೆಯಲು ಬಂದಾಗ ಅನಾಹುತವೇ ಆಯಿತು. ಸಿಹಿ ತುಂಬಿದ ಕ್ಯಾರಿಬ್ಯಾಗ್ ಹಿಡಿದು, ಜರಿಶಲ್ಯ ಹೊದ್ದು, ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ಜಮಾದಾರ್ರು ಅವರನ್ನು ಬಾಗಿಲಲ್ಲಿ ತಡೆದು, ಲಾಡುಗಳನ್ನೆಲ್ಲ ತಮ್ಮ ಧೋತರದ ಉಡಿಗೆ ಸುರಿದುಕೊಂಡು, ಖಾಲಿ ಚೀಲವನ್ನು ಮಡಿಚಿ ಬೀಗರ ಕೈಗೆ ವಾಪಸು ಕೊಟ್ಟರು.

"ಏನ್ರಿ ಇದು? ನಾವೇನು ಕಳ್ಳರೇನ್ರಿ?" ಎಂದರು ಬೀಗರು.

"ಛೆ ಛೆ, ನಿಮ್ಮನ್ನ ಅನ್ನಂಗಿಲ್ರಿ. ಅಂಗಿ ಒಳಗಿನ ಜೇಬು ಒಂದು ತೋರಿಸಿಬಿಡ್ರಿ, ಆಮ್ಯಾಲ ಕುಂತು ಮಾತಾಡೋಣ."

ಬೀಗರು ಜೇಬೂ ತೋರಿಸಲಿಲ್ಲ, ಕುಂತೂ ಮಾತಾಡಲಿಲ್ಲ. ಆ ಮದುವೆಗೆ ಇವರು ಹೋಗುವ ಪ್ರಶ್ನೆಯೇ ಉಳಿಯಲಿಲ್ಲ. ದೊಡ್ಡವ್ವ ಎರಡು ದಿನ ಉಣ್ಣದೆ ಮುಖ ತಿರುಗಿಸಿ ಕುಳಿತಿದ್ದರು.

ಇಷ್ಟಾದರೂ ಅವರೊಳಗೆ ಮೆತ್ತಗಿನದೊಂದಿತ್ತು. ಮಧ್ಯಾಹ್ನ ಊಟವಾದ ಮೇಲೆ ಅವರು ರುಮಾಲನ್ನು ಹಾಗೆಯೇ ಇಡಿಯಾಗಿ ತೆಗೆದು ಹೊರಸಿನ ತಲೆದಿಂಬಿನ ಪಕ್ಕ ಇಟ್ಟು ಮಲಗುತ್ತಿದ್ದರು. ಬಂಗಾರಿ ಎಲ್ಲಿದ್ದರೂ ಬಂದು ಆ ರುಮಾಲಿನೊಳಗೆ ಮುಖ ಹುದುಗಿಸಿ, ಕಾಲಿನಿಂದ ಮೆತ್ತಗೆ ಒತ್ತಿ ಒತ್ತಿ, ಅದರಲ್ಲೇ ಸುರುಳಿಯಾಗಿ ಮಲಗುತ್ತಿತ್ತು. ಮೀಸೆಯ ಮೇಲೆ ಕೈಯಾಡಿಸಿ ಅವರು ಅದನ್ನು ಠೀವಿಯಿಂದ ಎಲ್ಲರಿಗೂ ತೋರಿಸುತ್ತಿದ್ದರು. "ನೋಡ್ರಿ ಅಕ್ಕೋರ. ಹಾಲು ಹಾಕೋದು ಆಕಿ, ಎತ್ತಿ ಆಡಿಸೋದು ಆಕಿ. ಮಕ್ಕೊಳ್ಳಾಕ ಮಾತ್ರ ನನ್ನ ರುಮಾಲ ಬೇಕು. ಪ್ರಾಣಿಗೆ ತಿಳಿತೈತ್ರಿ, ಯಾರ ಜೀವ ಎಷ್ಟು ಮರಗತೈತಿ ಅಂತ." ಗೇಟಿನಲ್ಲಿ ಜೀವನ ಕಳೆದವರನ್ನು ಕಂಡು ಯಾರೂ ಓಡಿ ಬರುವುದಿಲ್ಲ. ತಮ್ಮ ಹತ್ತಿರಕ್ಕೆ ತಾನಾಗಿ ಬಂದ ಆ ಒಂದು ಜೀವದ ಬಗ್ಗೆ ಹೇಳುವಾಗ ಅವರ ದನಿ ಬೇರೆಯೇ ಆಗುತ್ತಿತ್ತು.

ಆದರೆ ಬಂಗಾರಿಯ ವಾಂತಿ ನಿಲ್ಲಲಿಲ್ಲ. ಅದರಲ್ಲಿ ಹೊಳೆಯುವ ಚೂರುಗಳು ಬರುತ್ತಲೇ ಇದ್ದವು. ಬಾಗಿಲಲ್ಲಿ ಇಷ್ಟು ಬಂದೋಬಸ್ತಿದ್ದೂ ಮಾಲು ಒಳಗೆ ಬರುತ್ತಿದೆ ಎಂದರೆ ಒಳಗಿನವರದೇ ಕೈವಾಡ ಎಂದು ಜಮಾದಾರ್ರು ತೀರ್ಮಾನಿಸಿದರು. ಮೊದಲು ನನ್ನ ಮೇಲೆ ಸಂಶಯಪಟ್ಟರು. ನನ್ನ ಖೋಲಿಯ ಗಾದಿ ಎತ್ತಿ ನೋಡಿ ಹೋದರು. ಆಮೇಲೆ ಹಾಲಿನವಳ ಮೇಲೆ ಸಂಶಯಪಟ್ಟರು. ಕೊನೆಗೆ ಒಂದು ಬೆಳಗ್ಗೆ, ದೊಡ್ಡವ್ವ ನೀರು ತರಲು ಹೋದಾಗ, ಅವರ ಎಲೆಅಡಿಕೆ ಸಂಚಿಯನ್ನು ಬಿಚ್ಚಿ ನೆಲದ ಮೇಲೆ ಸುರುವಿದರು. ಕೊಡ ಹೊತ್ತು ಬಂದ ದೊಡ್ಡವ್ವ ಬಾಗಿಲಲ್ಲಿ ನಿಂತು ನೋಡಿದರು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ.

"ಹಟ್ಟ್ಯಾಗ ಊರ ಮಂದೀನೆಲ್ಲ ತಡವಿದ್ರಿ, ನೌಕರಿ ಅಂತ ಸುಮ್ನಿದ್ದೆ," ಎಂದರು, ಕೊಡ ಇಳಿಸದೆ. "ಬೀಗರ ಮರ್ಯಾದಿ ಕಳದ್ರಿ, ಬೆಕ್ಕಿನ ಸಲುವಾಗಿ ಅಂತ ನುಂಗಿಕೊಂಡೆ. ಈಗ ನನ್ನ ಸಂಚಿಗೆ ಕೈ ಹಾಕಿದ್ರಿ. ಕೇಳ್ರಿ ಇಲ್ಲೆ. ನಿಮ್ಮ ಗೇಟ ಕಾಯೂದರಾಗ ಬಂಗಾರಿಗೆ ಏನರ ಆತಂದ್ರ, ನಾ ಮಗಳ ಮನಿಗೆ ಹೋಗಾಕಿ. ತಿರುಗಿ ಬರಂಗಿಲ್ಲ."

ದೊಡ್ಡವ್ವ ಸಿಟ್ಟಿನಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದೆ. ಇದು ಸಿಟ್ಟಾಗಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಜಮಾದಾರ್ರು ಬಗ್ಗಿ ಅಡಿಕೆ ಚೂರುಗಳನ್ನು ಒಂದೊಂದಾಗಿ ಆರಿಸಿ ಸಂಚಿಗೆ ತುಂಬಿದರು.

ಮುಂದಿನ ವಾರವೇ ಬಂಗಾರಿ ನೀರನ್ನೂ ಬಿಟ್ಟಿತು. ಹೊಟ್ಟೆ ಬಿಗಿದು ಡೊಳ್ಳಾಗಿತ್ತು. ನಮ್ಮೂರ ದನದ ಡಾಕ್ಟರು ರಜೆಯ ಮೇಲಿದ್ದರು. ನಾನು ಶಾಲೆಗೆ ಚೀಟಿ ಕಳಿಸಿ, ಮುಚ್ಚಳದ ಬಿದಿರ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟುಕೊಂಡು ಅವರಿಬ್ಬರೊಂದಿಗೆ ಸಿಂಧನೂರಿನ ಬಸ್ಸು ಹತ್ತಿದೆ. ದೊಡ್ಡವ್ವ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಮಸ್ಕಿಯಲ್ಲಿ ಬಸ್ಸು ನಿಂತಾಗ ಪಕ್ಕದ ಸೀಟಿಗೆ ಒಬ್ಬರು ಕ್ಯಾರಿಬ್ಯಾಗಿನಲ್ಲಿ ಮಂಡಕ್ಕಿ ವಗ್ಗರಣೆ, ಮಿರ್ಚಿ ಬಜ್ಜಿ ಹಿಡಿದು ಬಂದರು. ಜಮಾದಾರ್ರು ಅಭ್ಯಾಸಬಲದಿಂದ ಕೈ ಮುಂದೆ ಚಾಚಿದರು. ದೊಡ್ಡವ್ವ ಒಮ್ಮೆ ನೋಡಿದರು, ಅಷ್ಟೇ. ಕೈ ತಾನಾಗಿಯೇ ಹಿಂದೆ ಹೋಯಿತು.

ಸಿಂಧನೂರಿನಲ್ಲಿ ಡಾಕ್ಟರು ಜವಳಗೇರಾಕ್ಕೆ ಎಮ್ಮೆ ಈಯಿಸಲು ಹೋಗಿದ್ದರು. ದವಾಖಾನೆಯ ಬೇವಿನ ಮರದ ಕೆಳಗೆ ಎತ್ತುಗಳ ನಡುವೆ ಕಾದು ಕುಳಿತೆವು. ಜಮಾದಾರ್ರು ಮಾತ್ರ ಕೂರಲಿಲ್ಲ. ಬುಟ್ಟಿಯ ಮುಚ್ಚಳ ಎತ್ತಿ, "ಬಂಗಾರೀ, ಯವ್ವಾ," ಎಂದು ಕರೆದು, ಉತ್ತರ ಬಾರದೆ ಮತ್ತೆ ಮುಚ್ಚುತ್ತಿದ್ದರು. ಆ ಮನುಷ್ಯನ ಬಗ್ಗೆ ಅಲ್ಲಿಯವರೆಗೆ ನಾನು ನಕ್ಕದ್ದೇ ಹೆಚ್ಚು. ಅಂದು ನಗಲು ಆಗಲಿಲ್ಲ.

ಡಾಕ್ಟರು ಬಂದು, ಕೈ ತೊಳೆದು, ಒಂದು ಸೂಜಿ ಚುಚ್ಚಿದರು. ವಾಂತಿಯಾದರೆ ಬದುಕುತ್ತದೆ, ಇಲ್ಲದಿದ್ದರೆ ಹೊಟ್ಟೆ ಕೊಯ್ಯಬೇಕು, ಕೊಯ್ದರೆ ಉಳಿಯುವ ಭರವಸೆ ಇಲ್ಲ ಎಂದರು. ಸ್ವಲ್ಪ ಹೊತ್ತಿಗೆ ಬಂಗಾರಿಯ ಮೈಯೆಲ್ಲ ಹಿಂಡಿದಂತಾಗಿ, ಎರಡು ಸಲ ಬಾಯಿ ತೆರೆದು, ಮೂರನೆಯ ಸಲಕ್ಕೆ ಒಂದು ಉಂಡೆಯನ್ನು ಕಕ್ಕಿತು. ಆಮೇಲೆ ಇನ್ನೊಂದು. ಡಾಕ್ಟರು ಚಿಮಟದಿಂದ ಉಂಡೆಯನ್ನು ಬಿಡಿಸಿದರು. ಕ್ಯಾರಿಬ್ಯಾಗ್ ಅಲ್ಲ. ಹಾಲಿನ ಪಾಕೀಟೂ ಅಲ್ಲ. ಬೆಳ್ಳಿಯಂತೆ ಹೊಳೆಯುವ ಗುಟಕಾ ಚೀಟುಗಳು. ಒಂದೊಂದನ್ನೂ ಯಾರೋ ನಾಲ್ಕು ಮಡಿಕೆ ಮಾಡಿ, ಅಂಚು ಒತ್ತಿ, ಅಚ್ಚುಕಟ್ಟಾಗಿ ಮಡಿಚಿದ್ದರು.

"ಮನ್ಯಾಗ ಗುಟಕಾ ಯಾರು ತಿಂತಾರ್ರಿ?" ಎಂದರು ಡಾಕ್ಟರು.

ಜಮಾದಾರ್ರ ಬಲಗೈ, ಅವರಿಗೆ ತಿಳಿಯದಂತೆಯೇ, ನಿಧಾನವಾಗಿ ಎದ್ದು ರುಮಾಲನ್ನು ಮುಟ್ಟಿತು. ದೊಡ್ಡವ್ವ ಅದನ್ನು ಕಂಡರು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಗಂಡನ ಎದುರಿಗೆ ಹೋಗಿ ನಿಂತರು.

"ಕೈ ಮ್ಯಾಲ ಎತ್ರಿ."

ಅವರು ಎತ್ತಿದರು. ನಮ್ಮ ಕಡೆ ನಾಲ್ಕು ಮಂದಿಯೆದುರು ಗಂಡಸಿನ ರುಮಾಲಿಗೆ ಕೈ ಹಾಕಿದರೆ ತಲೆಗಳು ಉರುಳಿದ್ದುಂಟು. ದೊಡ್ಡವ್ವ ಅದನ್ನು ತಲೆಯಿಂದ ಎತ್ತಿ, ಸೀರೆ ಬಿಚ್ಚಿದಂತೆ ಸುರುಳಿ ಸುರುಳಿಯಾಗಿ ಬಿಚ್ಚಿದರು. ಒಳಮಡಿಕೆಯಿಂದ ಖಾಲಿ ಚೀಟುಗಳು ಒಂದೊಂದಾಗಿ ಉದುರಿದವು. ಎತ್ತಿನ ಮಾಲೀಕರು ಎದ್ದು ನಿಂತು ನೋಡುತ್ತಿದ್ದರು. ಕಸ ಬಿಸಾಕಿದರೆ ಸಿಕ್ಕಿಬೀಳುತ್ತೇನೆಂದು ತಿಳಿದ ಮನುಷ್ಯ, ಪೇಟೆಗೆ ಹೋಗುವ ತನಕ ತನ್ನ ಕಸವನ್ನು ತಲೆಯ ಮೇಲೆ ಹೊತ್ತಿದ್ದ. ಇಡೀ ಜನ್ಮದಲ್ಲಿ ಅವರ ತಪಾಸಣೆಗೆ ಸಿಕ್ಕಿಬಿದ್ದ ಮೊದಲ ಕಳ್ಳ ಅವರೇ.

"ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದ್ರಿ," ಎಂದರು ದೊಡ್ಡವ್ವ. "ನಾ ಸಾಯಲಿಲ್ಲ. ನನ್ನ ಬದ್ಲಿ ಇದು ಸಾಯಾಕ ಹೊಂಟಿತ್ತು."

ರುಮಾಲನ್ನು ಅವರ ತೋಳಿನ ಮೇಲೆ ಹಾಕಿ, ಬುಟ್ಟಿ ಎತ್ತಿಕೊಂಡು, ಅಲ್ಲಿಂದಲೇ ವಳಕಮದಿನ್ನಿಯ ಬಸ್ಸಿಗೆ ನಡೆದರು. ಜಮಾದಾರ್ರು ಬರಿತಲೆಯಲ್ಲಿ ನನ್ನೊಂದಿಗೆ ಲಿಂಗಸುಗೂರಿಗೆ ಮರಳಿದರು. ದಾರಿಯಲ್ಲಿ ಒಂದೇ ಮಾತು ಆಡಿದರು. "ಅಕ್ಕೋರ, ಅದು ರುಮಾಲಿಗೆ ಬರತಿದ್ದದ್ದು... ಚೀಟಿನ ಸಲುವಾಗೇನ್ರಿ?" ಹೆಂಡತಿ ಬಿಟ್ಟು ಹೋದದ್ದು, ಮಾನ ಹೋದದ್ದು, ಅದೆಲ್ಲದರ ಕೆಳಗೆ ಈ ಪ್ರಶ್ನೆ ಅವರನ್ನು ಕೊರೆಯುತ್ತಿತ್ತು.

ಬಾಗಿಲಿನ ಸ್ಟೂಲು ಒಳಗೆ ಹೋಯಿತು. ಅವರು ಒಂದು ರೊಟ್ಟಿ ಬಡಿಯಲೂ ಬಾರದೆ ನಮ್ಮ ಮನೆಯ ಊಟ ಉಂಡರು. ಪ್ರತಿ ಶನಿವಾರ ನಾನು ಊರಿಗೆ ಹೊರಡುವಾಗ ಬಂದು ನಿಂತು, ಯಾರೂ ಕೇಳದೆ ಎರಡೂ ಕೈ ಎತ್ತಿ, "ನೋಡ್ರಿ, ಏನೂ ಇಲ್ಲ. ಆಕಿಗೆ ಹೇಳ್ರಿ," ಎನ್ನುತ್ತಿದ್ದರು. ನಾನು ಸಿಂಧನೂರಿನ ಸಂತೆಗೆ ಬರುತ್ತಿದ್ದ ಅವರ ಅಳಿಯನ ಕೈಯಲ್ಲಿ ಹೇಳಿ ಕಳಿಸುತ್ತಿದ್ದೆ. ಗದ್ದೆಯ ಕೊಯ್ಲು ಮುಗಿದ ಮೇಲೆ ದೊಡ್ಡವ್ವ ಬುಟ್ಟಿ ಹಿಡಿದು ಬಂದರು. ಜಮಾದಾರ್ರು ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಚೀಲ ಮುಟ್ಟಲಿಲ್ಲ.

ಆ ಮಧ್ಯಾಹ್ನ ಅವರು ಒಗೆದ ರುಮಾಲನ್ನು ಸುತ್ತಿ ಹೊರಸಿನ ಮೇಲಿಟ್ಟು ಮಲಗಿದಂತೆ ಮಾಡಿದರು. ಬಂಗಾರಿ ಬಂತು. ರುಮಾಲನ್ನು ಮೂಸಿ ನೋಡಿತು. ಕಿಟಕಿಯ ಕಟ್ಟೆಗೆ ಹಾರಿ ಅಲ್ಲಿ ಮಲಗಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. "ಹೋಗಲಿ ಬಿಡ್ರಿ," ಎಂದರು ನನಗೆ. "ಅದರದೇನು ತಪ್ಪು?" ಹೇಳಿ ಗೋಡೆಯ ಕಡೆ ಹೊರಳಿದರು. ಆ ಬೆನ್ನನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ದೊಡ್ಡವ್ವ ಒಲೆಯ ಮುಂದೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು.

ಸ್ವಲ್ಪ ದಿನಕ್ಕೆ ಜಮಾದಾರ್ರು ನನ್ನನ್ನು ಕೂಗಿ ಕರೆದರು. ಬಂಗಾರಿ ರುಮಾಲಿನೊಳಗೆ ಮುಖ ಹುದುಗಿಸಿ ಗುರುಗುಟ್ಟುತ್ತಿತ್ತು.

"ನೋಡ್ರಿ ಅಕ್ಕೋರ! ಈಗ ಏನೂ ಇಲ್ಲ ಅದರಾಗ. ಆದ್ರೂ ಬಂದೈತಿ!"

ನಾನು ಬಗ್ಗಿ ನೋಡಿದೆ. ಬಿಳಿ ಬಟ್ಟೆಯ ಮೇಲೆ ಅಂಗೈಯಗಲ ಎಣ್ಣೆಯಂಥ ಕಲೆ. ಖೋಲಿಯ ತುಂಬ ಕಾಸಿದ ತುಪ್ಪದ ಘಮ. ಬೆಕ್ಕು ನಿದ್ದೆ ಮಾಡುತ್ತಿರಲಿಲ್ಲ, ನೆಕ್ಕುತ್ತಿತ್ತು. ಸಂಜೆ ಆ ರುಮಾಲನ್ನೇ ಕಲೆಯ ಸಮೇತ ತಲೆಗೆ ಸುತ್ತಿಕೊಂಡು, ಮೀಸೆ ತಿರುವುತ್ತ ಅವರು ಪೇಟೆಗೆ ಹೋದರು. ಅಂಗಿಯ ಅಂಚನ್ನು ಬೆರಳಿನಿಂದ ಸವರಿ ಒಳಗೆ ಏನಿದೆ ಎಂದು ಹೇಳಬಲ್ಲ ಮನುಷ್ಯನಿಗೆ ಇದು ಕಾಣದೇ ಹೋಗುವುದು ಹೇಗೆ? ನಾಲ್ಕಾರು ದಿನ ಇದೇ ನಡೆಯಿತು, ಕೊನೆಗೆ ನನಗೆ ತಡೆಯಲಾಗಲಿಲ್ಲ. ಒಲೆಯ ಹತ್ತಿರ ಹೋಗಿ ಕೇಳಿದೆ.

"ದೊಡ್ಡವ್ವ, ರುಮಾಲಿಗೆ ತುಪ್ಪ ಸವರಿದ್ದು ಅವ್ರಿಗೆ ಗೊತ್ತಾತಂದ್ರ?"

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಡಾಕ್ಟರು ಇಬ್ರಿಗೂ ತುಪ್ಪ ಬಂದ್ ಮಾಡ್ಯಾರವ್ವ. ಈ ಮನ್ಯಾಗ ಯಾರೂ ತಿನ್ನಂಗಿಲ್ಲ. ಮೊನ್ನೆ ಇದ್ದದ್ದು ತೀರಿತ್ತು, ನಾ ಯಾರಿಗೂ ಹೇಳಿದ್ದಿಲ್ಲ. ನೀರು ತಂದು ನೋಡತೀನಿ, ಇವ್ರು ಒಲಿ ಬಾಜೂಕ ತುಪ್ಪ ತುಂಬಿದ ಗಡಿಗಿ ತಂದಿಟ್ಟು, ಬಾಯಿಗೆ ಅರಿವಿ ಕಟ್ಟಿ ಹೋಗ್ಯಾರ."